ಅಳಿಸಿ ಬರೆಯುವ ಸಿ.ಡಿ.: ಗುಂಡಿ ಒತ್ತುವ ಮುನ್ನ ಅರಿಯಬೇಕಾದುದು

ಮನೆಯ ಗಣಕಯಂತ್ರ – ಮಾಸಿಕ ಅಂಕಣ



ನಮ್ಮ ಮನೆಗಳ ಕಪಾಟುಗಳಲ್ಲಿ ಇಂದಿಗೂ ಸಿ.ಡಿ. ಮತ್ತು ಡಿ.ವಿ.ಡಿ.ಗಳ ಕಟ್ಟೊಂದು ಮೂಲೆ ಹಿಡಿದು ಕುಳಿತಿರುತ್ತದೆ. 2000ದ ಆಚೀಚೆಯಿಂದ ಮೊದಲ್ಗೊಂಡು ಹತ್ತು ಹದಿನೈದು ವರ್ಷಗಳ ಕಾಲ ಲಗ್ನದ ಚಿತ್ರೀಕರಣ, ಗೃಹಪ್ರವೇಶದ ಭಾವಚಿತ್ರಗಳು, ಮನೆಯ ಹಿರಿಯರು ಹಾಡಿದ ವಚನಗಳು, ಜಮೀನಿನ ಕಾಗದಪತ್ರಗಳ ಪ್ರತಿಗಳು, ಮಕ್ಕಳ ಶಾಲಾ ಕಾರ್ಯಕ್ರಮಗಳು ಈ ತಟ್ಟೆಗಳ ಮೇಲೆಯೇ ಸಂಗ್ರಹವಾದವು. ಇಂದು ಪೆನ್‌ಡ್ರೈವ್ ಮತ್ತು ಮೊಬೈಲುಗಳು ಬಂದು ಈ ತಟ್ಟೆಗಳ ಬಳಕೆ ಕಡಿಮೆಯಾಗಿದೆಯಾದರೂ, ಅವುಗಳಲ್ಲಿ ಅಡಗಿರುವ ನೆನಪುಗಳ ಬೆಲೆ ಕಡಿಮೆಯಾಗಿಲ್ಲ.

ಈ ಕಟ್ಟಿನಲ್ಲಿ ಎರಡು ಜಾತಿಯ ತಟ್ಟೆಗಳಿರುತ್ತವೆ. ಒಂದು, ಒಮ್ಮೆ ಮಾತ್ರ ಬರೆಯಬಹುದಾದುದು. ಅದರ ಮೇಲೆ ‘ಆರ್’ ಎಂಬ ಅಕ್ಷರ ಇರುತ್ತದೆ. ಇನ್ನೊಂದು, ಅಳಿಸಿ ಮತ್ತೆ ಮತ್ತೆ ಬರೆಯಬಹುದಾದುದು. ಅದರ ಮೇಲೆ ‘ಆರ್‌ಡಬ್ಲ್ಯೂ’ ಎಂದು ಅಚ್ಚಾಗಿರುತ್ತದೆ. ಈ ಎರಡನೆಯ ಜಾತಿಯ ತಟ್ಟೆಯೇ ಈ ತಿಂಗಳ ನಮ್ಮ ವಿಷಯ. ಏಕೆಂದರೆ ಗೃಹಸ್ಥರಿಗೆ ಅತಿ ಹೆಚ್ಚು ತೊಂದರೆ ಕೊಡುವುದೂ ಇದೇ, ಕಣ್ಣೆವೆ ಇಕ್ಕುವುದರೊಳಗೆ ಕೈತಪ್ಪಿಹೋಗುವುದೂ ಇದೇ.

ಮೊದಲಿಗೇ ಒಂದು ಎಚ್ಚರಿಕೆಯ ಮಾತು. ಹಳೆಯ ತಟ್ಟೆಯೊಂದನ್ನು ಗಣಕಯಂತ್ರಕ್ಕೆ ಹಾಕಿದಾಗ, ಪರದೆಯ ಮೇಲೆ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಬಂದರೆ, ತಟ್ಟೆ ಖಾಲಿ ಇದೆ ಎಂದು ಅದರ ಅರ್ಥವಲ್ಲ. ‘ಇದರಲ್ಲಿರುವುದನ್ನು ನಾನು ಓದಲಾರೆ’ ಎಂದು ಯಂತ್ರ ಹೇಳುತ್ತಿದೆ, ಅಷ್ಟೇ. ತಟ್ಟೆ ಕೊಳೆಯಾಗಿರಬಹುದು, ಡ್ರೈವಿನ ಮಸೂರ ಮಬ್ಬಾಗಿರಬಹುದು, ಅಥವಾ ಆ ತಟ್ಟೆಯನ್ನು ಬರೆದ ವಿಧಾನ ಈ ಯಂತ್ರಕ್ಕೆ ಅರಿಯದಿರಬಹುದು. ಅಲ್ಲಿ ‘ಆಗಲಿ’ ಎಂದು ಒತ್ತಿಬಿಟ್ಟರೆ ಇದ್ದುದೂ ಹೋಗುತ್ತದೆ. ಆದುದರಿಂದ ಉತ್ತರ ಯಾವಾಗಲೂ ‘ಬೇಡ’ ಎಂದೇ ಇರಲಿ. ವಿಚಾರಣೆ ಆನಂತರ ನಡೆಯಲಿ.

ತಟ್ಟೆಯೊಳಗೆ ನಡೆಯುವುದೇನು?

ತೊಂದರೆಯ ಮೂಲ ತಿಳಿಯದೆ ಪರಿಹಾರ ತಿಳಿಯದು. ಅಳಿಸಿ ಬರೆಯುವ ಸಿ.ಡಿ. ಮಾರುಕಟ್ಟೆಗೆ ಬಂದುದು 1997ರಲ್ಲಿ. ಒಮ್ಮೆ ಬರೆಯುವ ತಟ್ಟೆಯಲ್ಲಿ ಒಂದು ಬಗೆಯ ಬಣ್ಣದ ಪದರವಿದ್ದು, ಲೇಸರ್ ಕಿರಣ ಅದನ್ನು ಸುಟ್ಟು ಗುರುತು ಮಾಡುತ್ತದೆ. ಸುಟ್ಟುದು ಮರಳಿ ಬರುವುದಿಲ್ಲ. ಅಳಿಸಿ ಬರೆಯುವ ತಟ್ಟೆಯಲ್ಲಾದರೋ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯೂರಿಯಂ ಎಂಬ ಧಾತುಗಳ ಮಿಶ್ರಲೋಹದ ತೆಳುಪದರ ಇರುತ್ತದೆ. ಲೇಸರ್ ಕಿರಣವು ಈ ಲೋಹದ ಒಂದು ಸೂಕ್ಷ್ಮ ಬಿಂದುವನ್ನು 500ರಿಂದ 700 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ ಕರಗಿಸುತ್ತದೆ. ಕರಗಿದ ಬಿಂದು ಥಟ್ಟನೆ ತಣಿದಾಗ ಅದರ ಹರಳು ರಚನೆ ಕೆಟ್ಟು, ಅದು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಅದೇ ಬಿಂದುವನ್ನು ಸುಮಾರು 200 ಡಿಗ್ರಿಗೆ ಕಾಯಿಸಿದರೆ ಹರಳು ರಚನೆ ಮರಳಿ ಕೂಡಿಕೊಳ್ಳುತ್ತದೆ. ಹೆಚ್ಚು ಕಾವು ಬರೆಯುವುದಕ್ಕೆ, ಹಿತಮಿತವಾದ ಕಾವು ಅಳಿಸುವುದಕ್ಕೆ – ಇಷ್ಟೇ ಇದರ ಗುಟ್ಟು.

ಹೀಗೆ ಸುಮಾರು 1000 ಸಲ ಅಳಿಸಿ ಬರೆಯಬಹುದೆಂದು ತಯಾರಕರು ಹೇಳುತ್ತ ಬಂದಿದ್ದಾರೆ. ಆದರೆ ಇದರಲ್ಲಿ ಒಂದು ಕೊರತೆಯುಂಟು. ಅಂಗಡಿಯಲ್ಲಿ ಕೊಂಡ ಹಾಡಿನ ಸಿ.ಡಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನು ಹಿಂದಿರುಗಿಸಿದರೆ, ಈ ತಟ್ಟೆ ಹಿಂದಿರುಗಿಸುವುದು ಹದಿನೈದರಿಂದ ಇಪ್ಪತ್ತೈದು ಪಾಲನ್ನು ಮಾತ್ರ. ಹಳೆಯ ಸಿ.ಡಿ. ಪ್ಲೇಯರುಗಳಲ್ಲಿ, ಕಾರಿನ ಹಳೆಯ ಯಂತ್ರಗಳಲ್ಲಿ ಈ ತಟ್ಟೆ ಹಾಡದಿರುವುದಕ್ಕೆ ಇದೇ ಮುಖ್ಯ ಕಾರಣ. ತಟ್ಟೆಯಲ್ಲಿಯೂ ದೋಷವಿಲ್ಲ, ಯಂತ್ರದಲ್ಲಿಯೂ ದೋಷವಿಲ್ಲ. ಮಂದವಾದ ಬೆಳಕನ್ನು ಓದುವ ಶಕ್ತಿ ಆ ಯಂತ್ರಕ್ಕಿಲ್ಲ.

ಬರೆಯುವ ಎರಡು ಮಾರ್ಗಗಳು

ವಿಂಡೋಸ್ ವಿಸ್ತಾ ಬಳಕೆಗೆ ಬಂದ 2007ರಿಂದ ಈಚೆಗೆ, ಖಾಲಿ ತಟ್ಟೆ ಹಾಕಿದೊಡನೆ ಗಣಕಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ಈ ತಟ್ಟೆಯನ್ನು ‘ಯುಎಸ್‌ಬಿ ಫ್ಲ್ಯಾಶ್ ಡ್ರೈವ್’ನಂತೆ ಬಳಸುವಿರೋ ಅಥವಾ ‘ಸಿಡಿ ಡಿವಿಡಿ ಪ್ಲೇಯರ್’ನಲ್ಲಿ ಬಳಸುವಿರೋ? ಅನೇಕರು ಇದನ್ನು ಓದದೆಯೇ ಮುಂದುವರಿಯುತ್ತಾರೆ. ತೊಂದರೆಗಳಲ್ಲಿ ಅರ್ಧ ಪಾಲು ಇಲ್ಲಿಯೇ ಹುಟ್ಟುತ್ತದೆ.

ಮೊದಲನೆಯ ಮಾರ್ಗವನ್ನು ಆರಿಸಿದರೆ ಯಂತ್ರವು ತಟ್ಟೆಯನ್ನು ಫಾರ್ಮ್ಯಾಟ್ ಮಾಡುತ್ತದೆ. ಎಂದರೆ, ಹೊಲವನ್ನು ಬಿತ್ತನೆಗೆ ಮೊದಲು ಮಡಿಗಳಾಗಿ ವಿಂಗಡಿಸುವಂತೆ ತಟ್ಟೆಯನ್ನು ಸಮನಾದ ತುಂಡುಗಳಾಗಿ ಗುರುತು ಹಾಕಿಡುತ್ತದೆ. ಆಮೇಲೆ ಕಡತಗಳನ್ನು ಒಂದೊಂದಾಗಿ ಹಾಕಬಹುದು, ತೆಗೆಯಬಹುದು. ಎರಡನೆಯ ಮಾರ್ಗದಲ್ಲಿ ಫಾರ್ಮ್ಯಾಟ್ ಇಲ್ಲ; ಬೇಕಾದ ಕಡತಗಳನ್ನೆಲ್ಲ ಒಂದೆಡೆ ಕೂಡಿಸಿಕೊಂಡು ಒಂದೇ ಉಸಿರಿಗೆ ಬರೆಯಲಾಗುತ್ತದೆ. ಮೊದಲನೆಯದು ಮನೆಯ ಗಣಕಯಂತ್ರದ ನಿತ್ಯದ ಬಳಕೆಗೆ ಅನುಕೂಲ. ಆದರೆ ತಟ್ಟೆಯನ್ನು ಬೇರೊಬ್ಬರಿಗೆ ಕೊಡುವುದಿದ್ದರೆ, ಟಿ.ವಿ.ಗೆ ಜೋಡಿಸಿದ ಪ್ಲೇಯರಿನಲ್ಲಿ ನೋಡುವುದಿದ್ದರೆ, ಎರಡನೆಯದನ್ನೇ ಆರಿಸತಕ್ಕದ್ದು.

ಸಾಮಾನ್ಯ ತೊಂದರೆಗಳು, ಅವುಗಳ ನಿವಾರಣೆ

1. ತಟ್ಟೆ ಹಾಕಿದರೂ ‘ಖಾಲಿ ಡಿಸ್ಕ್ ಹಾಕಿರಿ’ ಎನ್ನುತ್ತದೆ. ತಟ್ಟೆಯ ಮೇಲೆ ಅಚ್ಚಾದ ಹೆಸರನ್ನೂ ಡ್ರೈವಿನ ಬಾಗಿಲ ಮೇಲಿರುವ ಗುರುತನ್ನೂ ಮೊದಲು ಹೋಲಿಸಿ ನೋಡಬೇಕು. ಸಿ.ಡಿ. ಮಾತ್ರ ಬರೆಯುವ ಡ್ರೈವಿನಲ್ಲಿ ಡಿ.ವಿ.ಡಿ. ಬರೆಯಲಾಗದು. ಡಿ.ವಿ.ಡಿ.ಗಳಲ್ಲಿಯೂ ‘ಮೈನಸ್’ ಮತ್ತು ‘ಪ್ಲಸ್’ ಎಂಬ ಎರಡು ಪಂಗಡಗಳುಂಟು. 2000ದ ಆಸುಪಾಸಿನ ಕೆಲವು ಡ್ರೈವುಗಳು ಒಂದನ್ನು ಒಪ್ಪಿ ಇನ್ನೊಂದನ್ನು ತಿರಸ್ಕರಿಸುತ್ತವೆ. ಇದಲ್ಲದೆ ವೇಗದ ತಾರತಮ್ಯವೂ ಉಂಟು. ಅಳಿಸಿ ಬರೆಯುವ ಸಿ.ಡಿ.ಗಳಲ್ಲಿ ನಾಲ್ಕು ಪಟ್ಟಿನವರೆಗಿನ ಸಾಮಾನ್ಯ ತಟ್ಟೆ, ಹೈಸ್ಪೀಡ್ ತಟ್ಟೆ, ಅಲ್ಟ್ರಾಸ್ಪೀಡ್ ತಟ್ಟೆ ಎಂದು ಬೇರೆ ಬೇರೆ ಇವೆ. ಹಳೆಯ ಡ್ರೈವು ಹೆಚ್ಚು ವೇಗದ ತಟ್ಟೆಯನ್ನು ಓದಬಹುದಾದರೂ ಅದರ ಮೇಲೆ ಬರೆಯಲಾರದು.

2. ಫಾರ್ಮ್ಯಾಟ್ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಕಾರಣ ಬಹುಮಟ್ಟಿಗೆ ಮೂರು: ಕೊಳೆ, ಸವೆತ, ವಿದ್ಯುತ್ತಿನ ಕೊರತೆ. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇಲ್ಲದಿರುವುದರಿಂದ ಹೊರಗಿನಿಂದ ಯುಎಸ್‌ಬಿ ತಂತಿಯ ಮೂಲಕ ಜೋಡಿಸುವ ಡ್ರೈವನ್ನು ಬಳಸುತ್ತೇವೆ. ಯುಎಸ್‌ಬಿ 2.0 ಕಿಂಡಿ ಕೊಡುವ ವಿದ್ಯುತ್ತು 500 ಮಿಲಿಆಂಪಿಯರ್ ಮಾತ್ರ. ಓದುವಾಗ ಅದು ಸಾಕಾದರೂ, ಬರೆಯುವಾಗ ಲೇಸರ್ ಹೆಚ್ಚು ಶಕ್ತಿ ಬೇಡುವುದರಿಂದ ಸಾಲದೆ ಬರಬಹುದು. ಡ್ರೈವಿನೊಡನೆ ಎರಡು ತುದಿಯ ತಂತಿ ಬಂದಿದ್ದರೆ ಎರಡನ್ನೂ ಸಿಕ್ಕಿಸಿರಿ. ಹಲವು ಸಾಧನಗಳನ್ನು ಜೋಡಿಸುವ ಹಬ್ಬಿನ ಮೂಲಕ ಕೊಡದೆ ನೇರವಾಗಿ ಗಣಕಯಂತ್ರಕ್ಕೆ ಜೋಡಿಸಿರಿ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಬಿಡದೆ ಚಾರ್ಜರಿಗೆ ಹಚ್ಚಿರಿ. ಮೇಜಿನ ಮೇಲಿನ ಗಣಕಯಂತ್ರವಾದರೆ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕದಿರುವುದು ಒಳಿತು. ವಿದ್ಯುತ್ತು ಹೇಳಿಕೇಳಿ ಹೋಗುವುದಿಲ್ಲ. ಅರ್ಧ ಫಾರ್ಮ್ಯಾಟ್ ಆದ ತಟ್ಟೆಯನ್ನು ಯಾವ ಯಂತ್ರವೂ ಗುರುತಿಸದಂತಾಗಬಹುದು.

3. ‘ಪವರ್ ಕ್ಯಾಲಿಬ್ರೇಷನ್ ಎರರ್’ ಎಂದು ಬರುತ್ತದೆ. ಬರೆಯುವ ಮೊದಲು ಡ್ರೈವು ತಟ್ಟೆಯ ಒಳಅಂಚಿನಲ್ಲಿ ಲೇಸರಿನ ಬಲವನ್ನು ಪರೀಕ್ಷಿಸಿ ನೋಡುತ್ತದೆ. ನಾವು ಬರೆಯುವ ಮುನ್ನ ಲೇಖನಿಯನ್ನು ಕಾಗದದ ಅಂಚಿನಲ್ಲಿ ಗೀಚಿ ನೋಡುವ ಹಾಗೆ. ಆ ಪರೀಕ್ಷೆ ಕೈಕೊಟ್ಟರೆ ಈ ಸೂಚನೆ ಬರುತ್ತದೆ. ಬರೆಯುವ ವೇಗವನ್ನು ತಗ್ಗಿಸಿ ನೋಡಿರಿ. ತಟ್ಟೆಯನ್ನು ಒರೆಸಿ ನೋಡಿರಿ. ಬೇರೆ ಕಂಪನಿಯ ತಟ್ಟೆ ಹಾಕಿ ನೋಡಿರಿ. ಎಲ್ಲ ತಟ್ಟೆಗಳಿಗೂ ಇದೇ ಸೂಚನೆ ಬಂದರೆ ಡ್ರೈವಿನ ಲೇಸರ್ ಮುಪ್ಪಾಗಿದೆ ಎಂದೇ ತಿಳಿಯಬೇಕು.

4. ಡಬ್ಬಿಯ ಮೇಲೆ ಹೇಳಿದಷ್ಟು ಜಾಗ ಇಲ್ಲ. ಅಂಗಡಿಯವನು ಮೋಸ ಮಾಡಿದನೆಂದು ಇದರಿಂದ ಭಾವಿಸಬೇಕಾಗಿಲ್ಲ. ಫಾರ್ಮ್ಯಾಟ್ ಮಾಡಿದ ಸಿ.ಡಿ.ಯಲ್ಲಿ ಪ್ರತಿ 32 ಖಾನೆಗಳ ಮಾಹಿತಿಗೆ 7 ಖಾನೆಗಳು ಕೊಂಡಿಗಳಾಗಿ ಖರ್ಚಾಗುತ್ತವೆ. ಹೊಲದಲ್ಲಿ ಬದುವಿಗೆ ಜಾಗ ಹೋಗುವಂತೆ. ಹೀಗಾಗಿ 700 ಮೆಗಾಬೈಟಿನ ತಟ್ಟೆಯಲ್ಲಿ ನಮಗೆ ದಕ್ಕುವುದು ಸುಮಾರು 570. ಡಿ.ವಿ.ಡಿ.ಯ 4.7 ಗಿಗಾಬೈಟ್ ಪರದೆಯ ಮೇಲೆ 4.37 ಎಂದು ಕಾಣುವುದಕ್ಕೆ ಕಾರಣ ಬೇರೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರು ಒಂದೇ, ಅಳತೆ ಬೇರೆ.

5. ನಮ್ಮ ಗಣಕಯಂತ್ರದಲ್ಲಿ ತೆರೆಯುತ್ತದೆ, ಬೀಗರ ಮನೆಯಲ್ಲಿ ತೆರೆಯುವುದಿಲ್ಲ. ಮೊದಲನೆಯ ಮಾರ್ಗದಲ್ಲಿ ಬರೆದ ತಟ್ಟೆಗಳಲ್ಲಿ ಈ ದೂರು ಸಾಮಾನ್ಯ. ಬರೆದ ಅಧಿವೇಶನವನ್ನು ಮುಚ್ಚದೆ ತಟ್ಟೆಯನ್ನು ಹೊರತೆಗೆದಿದ್ದರೆ ಬೇರೆ ಯಂತ್ರ ಅದನ್ನು ಓದದಿರಬಹುದು. ಅದನ್ನು ಮರಳಿ ಬರೆದ ಯಂತ್ರಕ್ಕೇ ಹಾಕಿ, ‘ಕ್ಲೋಸ್ ಸೆಷನ್’ ಎಂಬ ಆಯ್ಕೆಯನ್ನು ಕೊಟ್ಟು ಹೊರತೆಗೆಯಬೇಕು. ಇನ್ನೊಂದು ಕಾರಣ, ಯು.ಡಿ.ಎಫ್. ಎಂಬ ಬರವಣಿಗೆಯ ಕ್ರಮದ ಆವೃತ್ತಿಭೇದ. ವಿಂಡೋಸ್ ಎಕ್ಸ್‌ಪಿ 2.01ರವರೆಗಿನ ಆವೃತ್ತಿಯನ್ನು ಮಾತ್ರ ಓದಬಲ್ಲದು, 2.50ರಲ್ಲಿ ಬರೆದುದನ್ನು ಅರಿಯದು. ಹಳೆಯ ಯಂತ್ರಕ್ಕೆ ಕೊಡುವ ತಟ್ಟೆಯನ್ನು ಫಾರ್ಮ್ಯಾಟ್ ಮಾಡುವಾಗ ಕಡಿಮೆ ಆವೃತ್ತಿಯನ್ನು ಆರಿಸುವುದು ಕ್ಷೇಮ.

6. ಕನ್ನಡದಲ್ಲಿ ಕೊಟ್ಟ ಕಡತದ ಹೆಸರು ಕೆಟ್ಟುಹೋಗುತ್ತದೆ. ಇದು ನಮ್ಮ ಭಾಷೆಯವರಿಗೆ ವಿಶೇಷವಾಗಿ ತಟ್ಟುವ ತೊಂದರೆ. ಸಿ.ಡಿ. ಬರವಣಿಗೆಯ ಮೂಲ ಕ್ರಮವಾದ ಐಎಸ್‌ಒ 9660 ಇಂಗ್ಲಿಷಿನ ದೊಡ್ಡಕ್ಷರಗಳನ್ನೂ ಅಂಕಿಗಳನ್ನೂ ಮಾತ್ರ ಬಲ್ಲದು. ಅದಕ್ಕೆ ಪೂರಕವಾಗಿ ಬಂದ ‘ಜೋಲಿಯೆಟ್’ ಎಂಬ ಕ್ರಮ ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತದೆ. ಅದರಲ್ಲಿ ಕನ್ನಡ ನಿಲ್ಲುತ್ತದೆ. ಬರೆಯುವ ತಂತ್ರಾಂಶದಲ್ಲಿ ಜೋಲಿಯೆಟ್ ಅಥವಾ ಯು.ಡಿ.ಎಫ್. ಎಂಬುದನ್ನು ಗುರುತು ಹಾಕಿಕೊಳ್ಳಿರಿ. ಆದರೆ ಜೋಲಿಯೆಟ್‌ನಲ್ಲಿ ಹೆಸರಿನ ಉದ್ದಕ್ಕೆ 64 ಸಂಕೇತಗಳ ಮಿತಿಯುಂಟು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಕ್ಷ’ ಗಣಕಯಂತ್ರಕ್ಕೆ ಕಕಾರ, ಹಲಂತದ ಗುರುತು, ಷಕಾರ ಎಂದು ಮೂರು ಸಂಕೇತಗಳಾಗುತ್ತದೆ. ಆದುದರಿಂದ ದೀರ್ಘ ಹೆಸರುಗಳು ಮಿತಿ ಮೀರಿ ತುಂಡಾಗಬಹುದು. ಹೆಸರು ಚಿಕ್ಕದಿರಲಿ, ಇಸವಿ ಜೊತೆಗಿರಲಿ.

7. ಬರೆಯುವಾಗ ಮಧ್ಯೆ ದೋಷ ಬಂದು ತಟ್ಟೆ ಹಾಳಾಗುತ್ತದೆ. ಬರೆಯುವ ಲೇಸರಿಗೆ ಮಾಹಿತಿ ಎಡೆಬಿಡದೆ ಹರಿದುಬರಬೇಕು. ಹಿಂದೆ, ಆ ಹರಿವು ಕ್ಷಣಕಾಲ ನಿಂತರೂ ಬರವಣಿಗೆ ಕೆಡುತ್ತಿತ್ತು. 2000ದಲ್ಲಿ ಸ್ಯಾನ್ಯೊ ಕಂಪನಿಯು ‘ಬರ್ನ್ ಪ್ರೂಫ್’ ಎಂಬ ವ್ಯವಸ್ಥೆಯನ್ನು ತಂದ ಮೇಲೆ, ಹರಿವು ನಿಂತರೆ ಲೇಸರ್ ತಡೆದು, ಮತ್ತೆ ಬಿಟ್ಟ ಸ್ಥಳದಿಂದಲೇ ಮುಂದುವರಿಯುವುದು ಸಾಧ್ಯವಾಯಿತು. ಆದಾಗ್ಯೂ ಬರೆಯುವ ಹೊತ್ತಿನಲ್ಲಿ ಬೇರೆ ಭಾರವಾದ ಕೆಲಸ ಮಾಡಿಸದಿರುವುದು ಲೇಸು. ಪೆನ್‌ಡ್ರೈವಿನಿಂದ ನೇರವಾಗಿ ತಟ್ಟೆಗೆ ಬರೆಯದೆ, ಮೊದಲು ಕಡತಗಳನ್ನು ಗಣಕಯಂತ್ರದೊಳಗೆ ಇಳಿಸಿಕೊಂಡು ಅಲ್ಲಿಂದ ಬರೆಯಿರಿ. ಹಳೆಯ ಎಕ್ಸ್‌ಪಿ ಯಂತ್ರ ಇದ್ದಕ್ಕಿದ್ದಂತೆ ಅತಿ ನಿಧಾನವಾಗಿ ಬರೆಯತೊಡಗಿದರೆ ಅದಕ್ಕೂ ಕಾರಣವಿದೆ: ಓದುವಲ್ಲಿ ಆರಕ್ಕಿಂತ ಹೆಚ್ಚು ದೋಷಗಳು ಕಂಡರೆ ಅದು ಡಿ.ಎಂ.ಎ. ಎಂಬ ವೇಗದ ದಾರಿಯನ್ನು ಬಿಟ್ಟು ಪಿ.ಐ.ಒ. ಎಂಬ ನಿಧಾನದ ದಾರಿಗೆ ಇಳಿಯುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲನ್ನು ತೆಗೆದುಹಾಕಿ ಯಂತ್ರವನ್ನು ಮರಳಿ ಆರಂಭಿಸಿದರೆ ಮೊದಲಿನ ವೇಗ ಬರುತ್ತದೆ.

ಅಳಿಸುವುದರಲ್ಲಿಯೂ ಎರಡು ಬಗೆ

ಹಟಮಾರಿ ತಟ್ಟೆಗೆ ಕೊನೆಯ ಮದ್ದು ಸಂಪೂರ್ಣವಾಗಿ ಅಳಿಸುವುದು. ವಿಂಡೋಸಿನಲ್ಲಿ ಡ್ರೈವಿನ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿದರೆ ‘ಇರೇಸ್ ದಿಸ್ ಡಿಸ್ಕ್’ ಎಂಬ ಆಯ್ಕೆ ಸಿಗುತ್ತದೆ. ಅದು ಒಪ್ಪದಿದ್ದರೆ ‘ಇಮ್ಗ್‌ಬರ್ನ್’ ಎಂಬ ಉಚಿತ ತಂತ್ರಾಂಶದಲ್ಲಿಯೂ, ಲಿನಕ್ಸ್ ಬಳಸುವವರಿಗೆ ‘ಕೆ3ಬಿ’ಯಲ್ಲಿಯೂ ಅಳಿಸುವ ಸೌಲಭ್ಯವುಂಟು. ಇಲ್ಲಿ ‘ಕ್ವಿಕ್’ ಮತ್ತು ‘ಫುಲ್’ ಎಂಬ ಎರಡು ಬಗೆಗಳಿರುತ್ತವೆ.

ಕ್ವಿಕ್ ಎಂದರೆ ಪುಸ್ತಕದ ವಿಷಯಾನುಕ್ರಮಣಿಕೆಯ ಪುಟವನ್ನು ಮಾತ್ರ ಹರಿದುಹಾಕಿದಂತೆ. ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಫುಲ್ ಎಂದರೆ ಪ್ರತಿ ಪುಟದ ಪ್ರತಿ ಸಾಲನ್ನೂ ಅಳಿಸಿದಂತೆ. 80 ನಿಮಿಷದ ಸಿ.ಡಿ.ಗೆ ನಾಲ್ಕು ಪಟ್ಟಿನ ವೇಗದಲ್ಲಿ ಸುಮಾರು 20 ನಿಮಿಷ ಹಿಡಿಯುತ್ತದೆ. ಅರ್ಧಕ್ಕೆ ನಿಂತ ಫಾರ್ಮ್ಯಾಟಿನಿಂದ ಕೆಟ್ಟ ತಟ್ಟೆಗಳಲ್ಲಿ ಎಷ್ಟೋ ಸಂಪೂರ್ಣ ಅಳಿಸುವಿಕೆಯಿಂದ ಚೇತರಿಸಿಕೊಳ್ಳುತ್ತವೆ. ‘ಮೈನಸ್’ ಪಂಗಡದ ಡಿ.ವಿ.ಡಿ.ಯನ್ನು ಕ್ವಿಕ್ ಬಗೆಯಲ್ಲಿ ಅಳಿಸಿದರೆ ಅನೇಕ ಡ್ರೈವುಗಳಲ್ಲಿ ಅದರ ಮೇಲೆ ಒಂದೇ ಸಲ ಮಾತ್ರ ಬರೆಯಬಹುದು, ಆಮೇಲೆ ಸೇರಿಸಲಾಗದು. ಅದನ್ನು ತಪ್ಪಿಸುವುದಕ್ಕೂ ಫುಲ್ ಬಗೆಯೇ ಬೇಕು. ‘ಪ್ಲಸ್’ ಪಂಗಡದ ತಟ್ಟೆಯನ್ನು ಅಳಿಸದೆಯೇ ಮೇಲೆ ಬರೆಯಬಹುದು.

ಈ ಭೇದದಲ್ಲಿ ಒಂದು ಮುಖ್ಯವಾದ ಸಂಗತಿ ಅಡಗಿದೆ. ಮನೆಯಲ್ಲಿ ಯಾರೋ ಅರಿಯದೆ ಬೇಕಾದ ತಟ್ಟೆಯನ್ನು ಕ್ವಿಕ್ ಬಗೆಯಲ್ಲಿ ಅಳಿಸಿಬಿಟ್ಟರೆ, ಅನುಕ್ರಮಣಿಕೆ ಹೋಗಿರುತ್ತದೆಯೇ ಹೊರತು ಪುಟಗಳು ತಟ್ಟೆಯ ಮೇಲೆ ಇನ್ನೂ ಉಳಿದಿರುತ್ತವೆ. ಸಾಮಾನ್ಯ ಡ್ರೈವು ಅದನ್ನು ಖಾಲಿ ಎಂದು ಬಗೆದು ಓದಲು ನಿರಾಕರಿಸುತ್ತದೆ. ಮರಳಿ ಪಡೆಯುವುದು ಕಷ್ಟ, ಆದರೆ ಅಸಾಧ್ಯವೆನ್ನಲಾಗದು. ಆ ತಟ್ಟೆಯ ಮೇಲೆ ಮತ್ತೇನನ್ನೂ ಬರೆಯದೆ, ಮತ್ತೆ ಅಳಿಸದೆ, ಡಬ್ಬಿಯಲ್ಲಿಟ್ಟು ಮಾಹಿತಿ ಮರುಪಡೆಯುವ ತಜ್ಞರಿಗೆ ತೋರಿಸಬೇಕು. ಫುಲ್ ಬಗೆಯಲ್ಲಿ ಅಳಿಸಿದ್ದರೆ ಮಾತ್ರ ಆ ಆಸೆ ಇಲ್ಲ. ಅಳಿಸಿದ ಮಗುವನ್ನೋ ಸೊಸೆಯನ್ನೋ ಗದರಿಸುವುದರಲ್ಲಿ ಹೊತ್ತು ಕಳೆಯದೆ, ತಟ್ಟೆಯನ್ನು ಹೊರತೆಗೆದಿಡುವುದು ಮೊದಲ ಕೆಲಸ.

ಓದಲಾಗದ ತಟ್ಟೆಯಿಂದ ನಕಲು ಪಡೆಯುವ ಬಗೆ

ಮೊದಲು ತಟ್ಟೆಯನ್ನು ಶುಚಿ ಮಾಡಬೇಕು. ಮೃದುವಾದ ಒಣ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಬೀಸುಕಲ್ಲಿನಂತೆ ಸುತ್ತಲೂ ತಿರುಗಿಸಿ ಒರೆಸಕೂಡದು. ಮಾಹಿತಿಯು ಸುರುಳಿಯಾಗಿ ಬರೆಯಲ್ಪಟ್ಟಿರುವುದರಿಂದ, ಸುತ್ತಲೂ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ನುಂಗುತ್ತದೆ. ಅಡ್ಡಗೀರಾದರೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮಾತ್ರ ಹೋಗಿ, ಯಂತ್ರ ಅದನ್ನು ಸರಿದೂಗಿಸಿಕೊಳ್ಳಬಲ್ಲದು. ಜಿಡ್ಡಿದ್ದರೆ ಸೌಮ್ಯವಾದ ಸೋಪಿನ ನೀರು ಸಾಕು. ಸೀಮೆಎಣ್ಣೆ, ಥಿನ್ನರ್‌ಗಳನ್ನು ಮುಟ್ಟಿಸಲೇಬಾರದು.

ಅನಂತರ ಬೇರೆ ಬೇರೆ ಡ್ರೈವುಗಳಲ್ಲಿ ಹಾಕಿ ನೋಡಬೇಕು. ಒಂದು ಓದದುದನ್ನು ಇನ್ನೊಂದು ಓದುವುದುಂಟು; ಬರೆದ ಡ್ರೈವೇ ಸಿಕ್ಕರೆ ಮತ್ತೂ ಒಳ್ಳೆಯದು. ಎಲ್ಲವನ್ನೂ ಒಟ್ಟಿಗೆ ನಕಲಿಸ ಹೊರಟರೆ ಒಂದು ಕೆಟ್ಟ ಕಡತದ ಬಳಿ ಇಡೀ ಕೆಲಸ ನಿಂತುಹೋಗುತ್ತದೆ. ಆದುದರಿಂದ ಒಂದೊಂದೇ ಕಡತವನ್ನು ನಕಲಿಸಿಕೊಳ್ಳಬೇಕು. ಲಿನಕ್ಸಿನಲ್ಲಿ ದೊರೆಯುವ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವು ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಲಗ್ನದ ವಿ.ಸಿ.ಡಿ.ಯಾದರೆ ‘ಎಂಪೆಗ್ಎವಿ’ ಎಂಬ ಕಡತಕೋಶವನ್ನೂ, ಡಿ.ವಿ.ಡಿ.ಯಾದರೆ ‘ವಿಡಿಯೊ ಟಿ.ಎಸ್.’ ಎಂಬ ಕಡತಕೋಶವನ್ನೂ ಇಡಿಯಾಗಿ ನಕಲಿಸಿಕೊಂಡರೆ, ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ನೋಡಬಹುದು.

ಕಾಪಾಡುವ ಕ್ರಮ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2003ರಲ್ಲಿ ಈ ತಟ್ಟೆಗಳ ಆರೈಕೆಯ ಬಗ್ಗೆ ಒಂದು ಕೈಪಿಡಿಯನ್ನು ಪ್ರಕಟಿಸಿತು. ತಂಪಾದ, ಒಣಗಿದ, ಕತ್ತಲೆಯ ಜಾಗದಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಬೇಕೆಂಬುದು ಅದರ ಸಲಹೆ. 20 ಡಿಗ್ರಿ ಮೀರದ ಉಷ್ಣತೆ, ನೂರಕ್ಕೆ 50 ಮೀರದ ತೇವ ಲೇಸೆಂದು ಅದು ಹೇಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲವೂ ಕಲಬುರ್ಗಿ, ರಾಯಚೂರಿನ ಬೇಸಿಗೆಯೂ ಇದಕ್ಕೆ ಒಗ್ಗುವಂಥವಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಿಟಕಿಯ ಬಳಿ, ಟಿ.ವಿ.ಯ ಮೇಲೆ, ಕಾರಿನೊಳಗೆ ಇಡದಿರಿ.

ಸಿ.ಡಿ.ಯ ಹೊಳೆಯುವ ಕೆಳಮುಖಕ್ಕಿಂತ ಹೆಸರು ಬರೆಯುವ ಮೇಲ್ಮುಖವೇ ಹೆಚ್ಚು ಸೂಕ್ಷ್ಮವೆಂಬುದು ಅನೇಕರಿಗೆ ತಿಳಿಯದು. ಮಾಹಿತಿಯ ಪದರ ಇರುವುದು ಆ ಮುಖದ ತೆಳುವಾದ ಮೆರುಗಿನ ಕೆಳಗೇ. ಆದುದರಿಂದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು. ನೀರಿನ ಶಾಯಿಯ ಮೃದುಮೊನೆಯ ಮಾರ್ಕರ್ ಬಳಸಬೇಕು. ಕಾಗದದ ಚೀಟಿ ಅಂಟಿಸಿದರೆ ವೇಗವಾಗಿ ತಿರುಗುವಾಗ ತಟ್ಟೆಯ ತೂಕ ತಪ್ಪುತ್ತದೆ.

ಕಡೆಯದಾಗಿ ಹೇಳತಕ್ಕದ್ದೇನೆಂದರೆ, ಅಳಿಸಿ ಬರೆಯುವ ತಟ್ಟೆ ಹಲಗೆ ಬಳಪದಂತೆ. ಅಭ್ಯಾಸಕ್ಕೆ ಉತ್ತಮ, ಸಾಸನಕ್ಕೆ ತಕ್ಕುದಲ್ಲ. ಮನೆಯ ಹಿರಿಯರ ಧ್ವನಿಯ ಏಕೈಕ ಪ್ರತಿ ಅದರ ಮೇಲಿದ್ದರೆ ಇಂದೇ ಅದನ್ನು ಎರಡು ಬೇರೆ ಬೇರೆ ಸಾಧನಗಳಿಗೆ ನಕಲಿಸಿ, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಿಸಿರಿ. ಓದುವ ಡ್ರೈವುಗಳು ಅಂಗಡಿಗಳಲ್ಲಿ ವರ್ಷವರ್ಷಕ್ಕೂ ವಿರಳವಾಗುತ್ತಿವೆ. ಬರೆಯಬಹುದಾದ ಬ್ಲೂರೇ ತಟ್ಟೆಗಳ ತಯಾರಿಕೆಯನ್ನು ಸೋನಿ ಕಂಪನಿಯು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ತಟ್ಟೆ ಚೆನ್ನಾಗಿದ್ದೂ ಓದುವ ಯಂತ್ರವಿಲ್ಲದೆ ಮೂಕವಾಗುವ ದಿನ ಬರುವ ಮೊದಲೇ ಈ ಕೆಲಸ ಮುಗಿಯಬೇಕು. ಬರುವ ಭಾನುವಾರ ಮನೆಮಂದಿಯೆಲ್ಲ ಕುಳಿತು ಕಪಾಟಿನ ಕಟ್ಟನ್ನು ಬಿಚ್ಚಿರಿ. ಒಂದೊಂದು ತಟ್ಟೆಯಲ್ಲಿ ಏನಿದೆಯೆಂದು ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಡಿರಿ. ಮಕ್ಕಳಿಗೆ ಗಣಕಯಂತ್ರದ ಅಭ್ಯಾಸವಾದೀತು, ಹಿರಿಯರಿಗೆ ಹಳೆಯ ದಿನಗಳ ದರ್ಶನವಾದೀತು.

ಮುಂದಿನ ಸಂಚಿಕೆಯಲ್ಲಿ, ಹಳೆಯ ಧ್ವನಿಸುರುಳಿಗಳನ್ನು ಗಣಕಯಂತ್ರಕ್ಕೆ ಇಳಿಸುವ ಬಗೆಯನ್ನು ವಿಚಾರಿಸೋಣ.